ಕಾವಿ ನೀರು ತಿಳಿಯಾಗುವ ತನಕ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ನಮ್ಮ ದಿನ್ನೆ. ಅಲ್ಲಿನ ಮಣ್ಣು ಕೆಂಪು ಅಂದರೆ ಅಂತಿಂಥ ಕೆಂಪಲ್ಲ. ದೀಪಾವಳಿ ಹತ್ತಿರ ಬಂದರೆ ಸುತ್ತಲ ಊರುಗಳ ಗೋಡೆಯ ಬುಡಕ್ಕೆ, ಗುಡಿಯ ಕಟ್ಟೆಗೆ, ತುಳಸಿ ಕಟ್ಟೆಗೆ ಬಳಿಯುವ ಕಾವಿ ಎಲ್ಲ ನಮ್ಮ ದಿನ್ನೆಯದೇ. ಗಂಡಸರು ಬಾವಿಯ ಹಾಗೆ ಸಣ್ಣ ಗುಂಡಿ ತೋಡಿ, ಒಳಗಿಳಿದು, ಬುಟ್ಟಿಯಲ್ಲಿ ಮಣ್ಣು ಮೇಲೆ ಕಳಿಸುತ್ತಿದ್ದರು. ಹೆಂಗಸರು ನಾವು ಅದನ್ನು ಹೊಂಡಕ್ಕೆ ಸುರಿದು, ನೀರು ಬಿಟ್ಟು, ಕಾಲಿನಿಂದ ತುಳಿದು ಕಲಕುತ್ತಿದ್ದೆವು. ಮರಳು ತಳಕ್ಕೆ ಕೂರುತ್ತಿತ್ತು. ಕೆಂಪು ನೀರನ್ನು ಪಕ್ಕದ ಮಡಿಗೆ ಹಾಯಿಸಿ, ದಪ್ಪಗಾದ ಮೇಲೆ ಬಿಲ್ಲೆ ತಟ್ಟಿ ಒಣಗಿಸುತ್ತಿದ್ದೆವು. ಉಳಿದ ಕೆಂಪು ನೀರು ಎಲ್ಲಿ ಚೆಲ್ಲಬೇಕೆಂಬ ಚಿಂತೆ ನಮಗಿರಲಿಲ್ಲ. ಹೊಂಡದ ಪಕ್ಕದಲ್ಲೇ ಕಲ್ಲಿನಲ್ಲಿ ಒಂದು ತೂತಿತ್ತು. ಅದಕ್ಕೆ ನುಂಗಣಿ ಎನ್ನುತ್ತಿದ್ದೆವು. ಎಷ್ಟು ಕೊಡ ಸುರಿದರೂ ಕುಡಿಯುತ್ತಿತ್ತು. ಒಳಗೆ ಭೂಮಿತಾಯಿಗೆ ದಾಹವಿದೆ, ಕೊಟ್ಟರೆ ಒಳ್ಳೆಯದಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ದಿನದ ಮೊದಲ ಕೊಡ ಸುರಿದಾಗ ಕೈ ಮುಗಿಯುವುದು ರೂಢಿ.

ಆ ನೀರು ಎಲ್ಲಿ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ.

ನಮ್ಮ ಕೇರಿಗೆ ಕುಡಿಯುವ ನೀರಿಗೆ ಒಂದೇ ಬಾವಿ, ದಿನ್ನೆಯ ಕೆಳಗೆ. ತೊಂಬತ್ತರ ಇಸವಿ ದಾಟಿದ ಮೇಲೆ ಅದರ ನೀರು ಮಳೆಗಾಲದಲ್ಲಿ ಚಹಾದಂತೆ ಆಗತೊಡಗಿತು. ಆಮೇಲೆ ಬೇಸಿಗೆಯಲ್ಲೂ ಹಾಗೆಯೇ. ಮಕ್ಕಳ ಹೊಟ್ಟೆ ಕೆಡುತ್ತಿತ್ತು. ಸೋಸಿದ ಅರಿವೆ ಮತ್ತೆ ಬಿಳಿಯಾಗುತ್ತಿರಲಿಲ್ಲ. ನಮ್ಮವರು ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳನ್ನು ಕಟ್ಟಿಕೊಂಡು ನಾನು ಕಾವಿ ತುಳಿದೇ ಬದುಕುತ್ತಿದ್ದೆ. ಗುಂಡಿ ನಿಂತರೆ ನಮಗುಳಿದದ್ದು ಹಳ್ಳಿಖೇಡದ ಕಡೆ ಕಬ್ಬು ಕಡಿಯುವುದು, ಇಲ್ಲವೇ ಹುಮನಾಬಾದಿನ ಔಷಧಿ ಕಾರ್ಖಾನೆಗಳ ಬಾಗಿಲಲ್ಲಿ ಕೂಲಿಗೆ ನಿಲ್ಲುವುದು. ಹಾಗಾಗಿ ಬಾವಿಯ ಮಾತು ಬಂದರೆ ಎಲ್ಲರೂ ತಲೆ ಕೆಳಗೆ ಹಾಕುತ್ತಿದ್ದೆವು.

ಆ ಹೊತ್ತಿಗೆ ಅನುರಾಧಾ ಬಂದಳು. ಹುಮನಾಬಾದಿನ ಅಡತಿ ಬಜಾರದಲ್ಲಿ ಚೀಲಗಟ್ಟಲೆ ಕಾಳು, ಉಪ್ಪು ಮಾರಿಸುವ ಮಾಣಿಕಪ್ಪ ಸಾವ್ಕಾರರ ಮಗಳು. ಗುಲ್ಬರ್ಗಾದಲ್ಲಿ ಮಣ್ಣು ಕಲ್ಲಿನ ವಿದ್ಯೆ ಓದಿ ಸರ್ಕಾರಿ ನೌಕರಿ ಹಿಡಿದಿದ್ದಳು. ಇಂಥ ಸಣ್ಣ ಗುಂಡಿಗಳಿಂದ ನೀರು ಕೆಡದಂತೆ ಏನು ಮಾಡಬಹುದೆಂದು ನೋಡುವುದು ಅವಳ ಕೆಲಸ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅದಕ್ಕೆ ಬರೆಯುವಾಗ ಅವಳು ಎನ್ನುತ್ತೇನೆ. ಎದುರಿಗೆ ಬಾಯಾರ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಸೀರೆಯ ಕೆಳಗೆ ಗಂಡಸರ ಬೂಟು, ಬಗಲಿಗೆ ಚೀಲ, ಕೈಯಲ್ಲಿ ಸಣ್ಣ ಸುತ್ತಿಗೆ. ಕಲ್ಲು ಕಂಡರೆ ಒಡೆದು, ಮೂಸಿ, ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು.

ನನ್ನ ಜೊತೆ ಕಾವಿ ತುಳಿಯುತ್ತಿದ್ದ ಸರ್ದಾರಬಿ ಸುಮ್ಮನಿರುವವಳಲ್ಲ. "ಬಾಯಾರ, ಬಸುರಿ ಇದ್ದೀರೇನ್ರಿ? ಮಣ್ಣು ತಿನ್ನಾಕತ್ತೀರಿ" ಎಂದಳು.

"ಲಗ್ನಾನೇ ಆಗಿಲ್ಲವಾ ನಂದು" ಅಂದಳು ಅನುರಾಧಾ.

"ಹಂಗಾದ್ರ ಇನ್ನೂ ಫಿಕರ್ ಮಾಡೋ ಮಾತು."

ಅವಳು ನಕ್ಕಳು. ಆ ನಗೆಗೆ ನಾವು ಹತ್ತಿರವಾದೆವು. ಆದರೆ ಹೆದರಿಕೆ ಹೋಗಲಿಲ್ಲ. ನನ್ನ ಮೈದುನ ದೇವಿದಾಸ, ಗುಂಡಿ ತೋಡುವವರಲ್ಲಿ ಹಿರಿಯ, ನೇರವಾಗಿ ಕೇಳಿದ: "ಬಾಯಾರ, ನೀವು ಬರದು ಕೊಟ್ರ ನಮ್ಮ ಗುಂಡಿ ಬಂದ್ ಆಗ್ತಾವೇನು?"

"ಆಗಬಹುದು. ಅದಕ್ಕ ನಾ ಬರಿಯೂದಕ್ಕಿಂತ ಮೊದಲು ನಿಮಗ ಹೇಳ್ತೇನಿ. ಬಾವಿನೂ ಉಳೀಬೇಕು, ಗುಂಡಿನೂ ಉಳೀಬೇಕು. ಹ್ಯಾಂಗ ಅನ್ನೂದು ನನಗ ಇನ್ನೂ ಗೊತ್ತಿಲ್ಲ."

ಗೊತ್ತಿಲ್ಲ ಎಂದ ಸರ್ಕಾರದವರನ್ನು ನಾನು ಮೊದಲ ಸಲ ನೋಡಿದ್ದೆ.

ನುಂಗಣಿಯ ನೀರೇ ಬಾವಿಗೆ ಬರುತ್ತದೋ ಬೇರೆಲ್ಲಿಂದಲೋ ಎಂದು ತಿಳಿಯಬೇಕಿತ್ತು. ಬಣ್ಣ ಹಾಕಿ ನೋಡೋಣವೆಂದರೆ ನೀರು ಮೊದಲೇ ಕೆಂಪು. ಕುಡಿಯುವ ಬಾವಿ, ಕಂಡದ್ದನ್ನೆಲ್ಲ ಹಾಕುವಂತೆಯೂ ಇಲ್ಲ. ಅದಕ್ಕೆ ಅವಳು ಉಪ್ಪನ್ನು ಆರಿಸಿಕೊಂಡಳು. ನುಂಗಣಿಗೆ ಉಪ್ಪು ನೀರು ಸುರಿದು, ಬಾವಿಯಲ್ಲಿ ಉಪ್ಪು ಏರುತ್ತದೆಯೇ ಎಂದು ಕಡ್ಡಿಯಂಥ ಯಂತ್ರ ಅದ್ದಿ ನೋಡುವುದು. ಗುಂಡಿಯ ಮಾಲಕ ಬಕ್ಕಪ್ಪನಿಗೆ ಹೇಳಿದಳು. ದಿನ್ನೆ ಅವನ ಹೊಲದಲ್ಲೇ ಇತ್ತು, ಅವನು ಹೂಂ ಎಂದ. ನಮಗೆ ಮಾತ್ರ ಅವಳು ಹೇಳಲಿಲ್ಲ. ನೀರು ಕಲಕದೆ ಇರಲೆಂದು ಸಂತೆಯ ದಿನ, ಕೆಲಸಕ್ಕೆ ಸೂಟಿ ಇದ್ದಾಗ ಬಂದಳು.

ಆವತ್ತು ಅಲ್ಲಿ ಆಡು ಮೇಯಿಸುತ್ತಿದ್ದವಳು ಸರ್ದಾರಬಿ ಒಬ್ಬಳೇ. ಅನುರಾಧಾ ಎರಡು ಚೀಲ ಕಲ್ಲುಪ್ಪು ಪೀಪಾಯಿಯಲ್ಲಿ ಕರಗಿಸಿ ನುಂಗಣಿಗೆ ಸುರಿಯುತ್ತ, ಗಡಿಯಾರ ನೋಡಿ ಬಾಯಲ್ಲಿ ಏನೋ ಎಣಿಸುತ್ತಿದ್ದಳು. ಸರ್ದಾರಬಿ ಆಡು ಬಿಟ್ಟು ಕೇರಿಗೆ ಓಡಿ ಬಂದಳು.

"ಉಪ್ಪು ಹಾಕ್ಯಾಳ. ಮಂತ್ರ ಅಂದುಕೋತ ಹಾಕ್ಯಾಳ. ನನ್ನ ಕಣ್ಣಿಲೆ ನೋಡೀನಿ."

ಹೊರಗಿನವರಿಗೆ ಇದು ನಗೆಯ ಮಾತು. ನಮ್ಮಲ್ಲಿ ಅಲ್ಲ. ಒಂದು ಮನೆತನ ಹಾಳಾಗಲಿ ಎಂದು ಬೇಡುವವರು ಆ ಮನೆಯವರ ನೀರಿಗೆ ಉಪ್ಪು ಹಾಕಿ, ಇದು ಕರಗಿದಂಗ ನಿಮ್ಮ ಬದುಕು ಕರಗಲಿ ಅನ್ನುತ್ತಾರೆ. ಅಣ್ಣತಮ್ಮರ ಜಗಳದಲ್ಲಿ ಕೂಡ ಜನ ಆ ಮಟ್ಟಕ್ಕೆ ಇಳಿಯುವುದಿಲ್ಲ. ಇವಳು ನಮ್ಮ ದಿನ್ನೆಗೇ ಹಾಕಿದ್ದಳು, ಅದೂ ನಾವು ದಿನಾ ಕೈ ಮುಗಿಯುವ ಜಾಗಕ್ಕೆ.

ಮರುದಿನ ಯಾರೂ ಗುಂಡಿಗೆ ಇಳಿಯಲಿಲ್ಲ. ಶಾಪ ಬಿದ್ದ ಗುಂಡಿಯಲ್ಲಿ ಮಣ್ಣು ಕುಸಿಯುತ್ತದೆ ಎಂದು ಗಂಡಸರು ಬೇವಿನ ಗಿಡದ ಕೆಳಗೆ ಕೂತರು. ಅನುರಾಧಾ ಯಂತ್ರ ಹಿಡಿದು ಬಾವಿಗೆ ಬಂದಾಗ ದೇವಿದಾಸ ಅಡ್ಡ ನಿಂತ.

"ನೀರು ಮುಟ್ಟಬ್ಯಾಡ್ರಿ. ನಿಮಗ ನಾವು ಏನು ತಕಲೀಫ್ ಕೊಟ್ಟಿದ್ವಿ? ನಮ್ಮ ಹೊಟ್ಟಿ ಮ್ಯಾಲ ಉಪ್ಪು ಹಾಕೀರಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಹೇಳಿದೆ. ಕೇಳಿ ಅವಳ ಮುಖ ಸಣ್ಣದಾಯಿತು. ಯಂತ್ರವನ್ನು ಚೀಲಕ್ಕಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ದೇವಿದಾಸ ಕಾಕಾ, ನಮ್ಮ ಮನ್ಯಾಗ ಉಪ್ಪು ಅಂದ್ರ ಚೀಲದ ಲೆಕ್ಕ. ನನಗ ಮಾಲೂಮ್ ಇದ್ದಿಲ್ಲ. ಇದ್ದಿದ್ರ ನಿಮ್ಮನ್ನ ಕೇಳಿ ಹಾಕತಿದ್ದೆ. ಕೇಳದೇ ಹಾಕಿದ್ದು ನನ್ನ ಗಲತಿ. ಈಗ ಇದನ್ನ ಹ್ಯಾಂಗ ತೆಗೀಬೇಕು, ನೀವ ಹೇಳ್ರಿ."

ಇದು ಮೂಢನಂಬಿಕೆ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ದೇವಿದಾಸ ಹೇಳಿದ: "ಉಪ್ಪು ಹಾಕಿದವ್ರು ಆ ಮಂದಿ ಮನಿ ಉಪ್ಪು ಉಂಡ್ರ ಮಾತು ಬಿದ್ದು ಹೋಗ್ತದ. ಉಂಡ ಮನಿಗಿ ಕೇಡು ಬಗಿಯಾಕ ಬರಂಗಿಲ್ಲ. ಆದ್ರ ನೀವು ಸಾವ್ಕಾರ್ ಮಂದಿ, ನಮ್ಮ ಕೇರ್ಯಾಗ ಉಣ್ಣಾಂಗಿಲ್ಲ."

"ಯಾರ ಮನ್ಯಾಗ ಒಲಿ ಹತ್ಯದ?" ಎಂದಳು ಅನುರಾಧಾ, ಏಳುತ್ತ.

ಹತ್ತಿದ್ದು ನನ್ನ ಒಲೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇತ್ತು. ತಾಟಿನ ತುದಿಗೆ ದೇವಿದಾಸನೇ ಒಂದು ಚಿಟಿಕೆ ಉಪ್ಪು ಇಟ್ಟ. ಕೇರಿಯ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು. ಅವಳು ಮೊದಲು ಆ ಉಪ್ಪು ನಾಲಿಗೆಗೆ ಹಚ್ಚಿದಳು, ಆಮೇಲೆ ರೊಟ್ಟಿ ಮುರಿದಳು. ಪಲ್ಯ ಹುಳಿಯಾಗಿತ್ತು, ಕಣ್ಣು ಚಿಕ್ಕದು ಮಾಡಿದಳು.

"ಚಲೋ ಅದನೋ ಇಲ್ಲೋ ಅಂತ ಯಂತ್ರ ಅದ್ದಿ ನೋಡ್ರಿ" ಎಂದಳು ಸರ್ದಾರಬಿ. ಅವಳಿಗೂ ತನ್ನ ಓಟದ ಬಗ್ಗೆ ಒಳಗೊಳಗೆ ನಾಚಿಕೆಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗಂಡಸರು ಗುಂಡಿಗೆ ಇಳಿದರು.

ಸುದ್ದಿ ಹುಮನಾಬಾದಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ವಾರದೊಳಗೆ ಮಾಣಿಕಪ್ಪ ಸಾವ್ಕಾರರು ಜೀಪು ಮಾಡಿಕೊಂಡು ಬಂದರು. ಬಿಳಿ ಧೋತರ, ಹಣೆಗೆ ವಿಭೂತಿ, ತೂಕದ ಮನುಷ್ಯ. ಹೊಂಡದ ದಂಡೆಯಲ್ಲಿ ನಿಂತು ಮಗಳನ್ನು ಕರೆದರು. ಅವಳು ಮೊಣಕಾಲ ತನಕ ಕೆಂಪು ಕೆಸರಲ್ಲಿದ್ದಳು.

"ಅನೂ, ಕೆಲಸ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಉಣ್ಣೂದು ತಿನ್ನೂದು ಯಾಕ? ನಿನ್ನ ತಂಗೀರದು ಲಗ್ನ ಆಗಬೇಕು. ಬಜಾರದಾಗ ಜನ ನನಗ ಕೇಳ್ತಾರ."

"ಏನಂತ ಕೇಳ್ತಾರ ಅಪ್ಪಾಜಿ? ಹಸಿವಾಗಿತ್ತೇನು ಅಂತನ?"

"ನಗೆಚಾಟಿಕಿ ಮಾಡಬ್ಯಾಡ."

"ನಗ್ಯಾ ಮಾಡಾಕತ್ತಿಲ್ಲ. ನಿತ್ಯ ಪೂಜಿಗಿ ಕುಂತು ನೀವು ವಚನ ಹೇಳ್ತೀರಿ. ಅದರಾಗ ಹೇಳಿದ್ದನ್ನ ನಾ ಒಂದು ಹೊತ್ತು ಉಂಡೇನಿ, ಅಷ್ಟ."

ಅವರು ನಮ್ಮ ಕಡೆ ಒಮ್ಮೆ ನೋಡಿದರು. ಬೈಯಲಿಲ್ಲ. ಜೀಪು ಹತ್ತಿ ಹೋದರು. ಅದಾದ ಮೇಲೆ ಎಷ್ಟೋ ತಿಂಗಳು ಅವಳು ಹುಮನಾಬಾದಿನ ಮನೆಗೆ ಹೋಗದೆ ಬಸವಕಲ್ಯಾಣದಲ್ಲಿ ಬಾಡಿಗೆಯ ಕೋಲಿಯಲ್ಲಿ ಇದ್ದಳು. ಒಂದು ದಿನವೂ ನಮಗೆ ಅದನ್ನು ಹೇಳಿ ಅಳಲಿಲ್ಲ.

ಉಪ್ಪು ಬಾವಿಗೆ ಬಂದದ್ದನ್ನು ಅವಳ ಯಂತ್ರ ತೋರಿಸಿತು. ನಾವು ಊಹಿಸಿದ್ದಕ್ಕಿಂತ ಬೇಗ ಬಂತು. ಅವಳು ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿದಳು, ಬಕ್ಕಪ್ಪನನ್ನೂ ಕರೆದಳು. ಒಂದು ಕೆಂಪುಕಲ್ಲು ಕೈಯಲ್ಲಿ ಹಿಡಿದು ಅದರ ಮೇಲೆ ತಂಬಿಗೆಯ ನೀರು ಹೊಯ್ದಳು. ಮೇಲೆ ಹೊಯ್ದ ನೀರು ಕೆಳಗಿನ ತೂತುಗಳಿಂದ ತೊಟ್ಟಿಕ್ಕಿತು.

"ನಮ್ಮ ದಿನ್ನಿ ಪೂರಾ ಹಿಂಗ ಅದ, ಹುಳ ತಿಂದ ಕಟಗಿ ಇದ್ದಂಗ. ನುಂಗಣಿ ಯಾವ ನೀರನ್ನೂ ನುಂಗಾಂಗಿಲ್ಲ. ಇಲ್ಲಿ ಹಾಕಿದ್ದು ಅಲ್ಲಿ ಬರ್ತದ. ನಿಮ್ಮ ಮಕ್ಕಳು ಕುಡಿಯಾಕತ್ತಿದ್ದು ನೀವು ಕಾಲಿಲೆ ತುಳದ ನೀರು."

ನನ್ನ ಕಣ್ಣ ಮುಂದೆ ಮಗಳ ಹೊಟ್ಟೆ, ನಮ್ಮತ್ತೆಯ ಕೈಮುಗಿತ ಎರಡೂ ಬಂದವು. ಭೂಮಿತಾಯಿಯ ದಾಹ ಎಂದುಕೊಂಡು ನಮ್ಮ ಮಕ್ಕಳಿಗೇ ಕುಡಿಸಿದ್ದೆವು.

ಬಕ್ಕಪ್ಪನೇ ಮೊದಲು ಬಾಯಿ ಬಿಟ್ಟ. "ಅಂದ್ರ ಬಂದ್ ಅಂತ ಬರೀತೀರಿ."

"ಇದೊಂದೇ ಬರದ್ರ ಬಂದ್. ಅದಕ್ಕ ವರದಿ ಇನ್ನಷ್ಟು ತಡಾ ಮಾಡ್ತೇನಿ. ಮಳಿಗಾಲ ಮುಗಿದ ಮ್ಯಾಲ ನಮ್ಮ ಸಾಹೇಬ್ರು ಬಂದು ಬಾವಿ ನೀರು ಸೇದಿ ನೋಡ್ತಾರ. ಅಷ್ಟರಾಗ ನೀರು ತಿಳಿ ಆಗಿದ್ರ ಗುಂಡಿ ನಡೀತಾವ. ಕೆಂಪಿದ್ರ ಇಲ್ಲ."

ಆ ಬೇಸಿಗೆ ನಾವು ಮಾಡಿದ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ. ಮೊದಲು ನುಂಗಣಿ ಮುಚ್ಚಿದೆವು. ಕಲ್ಲು ತುಂಬಿ, ಮೇಲೆ ಕರಿ ಎರೆಮಣ್ಣು ಬಡಿದೆವು. ದೇವಿದಾಸ ಮುಚ್ಚುವ ಮೊದಲು ಒಂದು ಕಾಯಿ ಒಡೆದ, ಅನುರಾಧಾ ಅದಕ್ಕೂ ಕಾದು ನಿಂತಳು. ಆಮೇಲೆ ಒಂದರ ಕೆಳಗೊಂದರಂತೆ ಮೂರು ಕೊಳ. ತೊಳೆದ ನೀರು ಮೊದಲನೆಯದರಲ್ಲಿ ನಿಂತು ಎರಡನೆಯದಕ್ಕೆ, ಅಲ್ಲಿ ನಿಂತು ಮೂರನೆಯದಕ್ಕೆ. ಕೊನೆಯಲ್ಲಿ ತಿಳಿಯಾದದ್ದನ್ನು ಮತ್ತೆ ಮೇಲೆ ಹೊತ್ತು ತಂದು ಅದರಲ್ಲೇ ಕಾವಿ ತೊಳೆಯುವುದು. ನೀರು ಹೊರಗೆ ಬಿಡುವ ಮಾತೇ ಇಲ್ಲ. ಕೊಳದ ತಳ ಸೋರದಂತೆ ಎರೆಮಣ್ಣು ಹಾಕಿ ತುಳಿಯಬೇಕಿತ್ತು. ಬೂಟು ಬಿಚ್ಚಿಟ್ಟು ಅವಳೂ ತುಳಿದಳು. ಕಾಲು ಬಿರಿದು ರಕ್ತ ಬಂದರೆ ಸರ್ದಾರಬಿ ಬೇವಿನೆಣ್ಣೆ ಹಚ್ಚುತ್ತ, "ಇನ್ನ ನಿಮ್ಮನ್ನ ಯಾರೂ ಲಗ್ನ ಆಗಂಗಿಲ್ಲ ಬಿಡ್ರಿ, ಇದು ಎಮ್ಮಿ ಕಾಲು" ಎನ್ನುತ್ತಿದ್ದಳು.

ಬಕ್ಕಪ್ಪ ದಿನಾ ಬಂದು ಕೊಂಕು ಮಾತಾಡುತ್ತಿದ್ದ. ಮೂರನೆಯ ಕೊಳದ ತಳದಲ್ಲಿ ಬೆಣ್ಣೆಯಂಥ ನುಣುಪು ಕಾವಿ ಕೂತದ್ದು ಕಂಡ ದಿನ ಬೆರಳಿಂದ ಸವರಿ ನೋಡಿ, ತನ್ನ ಧೋತರಕ್ಕೆ ಒರೆಸಿಕೊಂಡ. ಇಷ್ಟು ವರ್ಷ ನುಂಗಣಿಗೆ ಸುರಿದದ್ದು ಎಲ್ಲಕ್ಕಿಂತ ಮೇಲಾದ ಕಾವಿಯೇ ಎಂದು ಅವನಿಗೆ ತಿಳಿಯಿತು. ಕೊಂಕು ನಿಲ್ಲಿಸಲಿಲ್ಲ, ಆದರೆ ಎರೆಮಣ್ಣಿಗೆ ತನ್ನ ಬಂಡಿ ಕೊಟ್ಟ.

ಮುಂಗಾರು ಹಗುರಾಗಿ ಹೋಯಿತು. ಬಾವಿಯ ಬಣ್ಣ ದಿನೇ ದಿನೇ ಇಳಿಯಿತು. ನಾವು ಗೆದ್ದೆವೆಂದುಕೊಂಡೆವು. ಉತ್ತರಿ ಮಳೆ ಕೂತಾಗ ಆ ಸೊಕ್ಕು ಇಳಿಯಿತು. ಎರಡು ದಿನ ಸುರಿದು ಮೂರನೆಯ ದಿನ ಮುಂಜಾನೆ ಕೊಳಗಳು ಅಂಚಿಗೆ ಬಂದವು. ಕೊನೆಯ ಕೊಳದ ಒಡ್ಡು ಬಾವಿಯ ಕಡೆಗೆ ಬೆವರಿದಂತೆ ಜಿನುಗತೊಡಗಿತು. ಆ ಕಡೆ ಒಡೆದರೆ ಮೂರೂ ಕೊಳದ ಕೆಂಪು ಒಂದೇ ಏಟಿಗೆ ಬಾವಿಗೆ. ಸಾಹೇಬರು ಬರುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಮತ್ತೊಂದು ಪಕ್ಕದಲ್ಲಿ ಬಕ್ಕಪ್ಪನ ತೊಗರಿ ಹೊಲ, ಹೂ ಬಿಡುವ ಹೊತ್ತು.

ಗೋಣಿ ಚೀಲಕ್ಕೆ ಮಣ್ಣು ತುಂಬಿ ಒಡ್ಡಿಗೆ ಒತ್ತುತ್ತಿದ್ದೆವು. ಅನುರಾಧಾ ಮಳೆಯಲ್ಲಿ ಬಕ್ಕಪ್ಪನ ಹತ್ತಿರ ಹೋದಳು.

"ಮಾಲಕ್ರ, ಚೀಲ ತಡಿಯಾಂಗಿಲ್ಲ. ನಿಮ್ಮ ಹೊಲದ ಕಡಿ ಒಡ್ಡು ಕಡೀಬೇಕು. ತೊಗರಿ ಹೋಗ್ತದ. ನಾ ಸುಳ್ಳು ಹೇಳಂಗಿಲ್ಲ, ಪೂರಾ ಹೋಗ್ತದ."

"ಸರ್ಕಾರ ತುಂಬಿ ಕೊಡ್ತದೇನು?"

"ಇಲ್ಲ."

"ಸಾಫ್ ಇಲ್ಲ ಅಂತೀರಲ್ಲ."

"ಇಲ್ಲದ್ದನ್ನ ಅದ ಅನ್ನಲೇನ್ರಿ?"

ದೇವಿದಾಸ ಸಲಿಕೆ ಹಿಡಿದು ಆ ಕಡೆ ಹೆಜ್ಜೆ ಇಟ್ಟ. ಬಕ್ಕಪ್ಪ ಅವನ ಕೈಯಿಂದ ಸಲಿಕೆ ಕಿತ್ತುಕೊಂಡ. ಹೊಡೆದೇ ಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ.

"ನನ್ನ ಹೊಲ ಇನ್ನೊಬ್ಬ ಒಡಿಯೂದು ಬ್ಯಾಡ" ಎಂದ.

ತಾನೇ ಒಡ್ಡು ಕಡಿದ. ಕೆಂಪು ನೀರು ಹಳದಿ ಹೂವಿನ ಸಾಲುಗಳೊಳಗೆ ನುಗ್ಗಿತು. ಅವನು ಅದನ್ನು ನೋಡುತ್ತ ನಿಂತ. ಅವನ ಟೋಪಿಯಿಂದ ನೀರು ಇಳಿಯುತ್ತಿತ್ತು. ನಾವು ಯಾರೂ ಹತ್ತಿರ ಹೋಗಲಿಲ್ಲ.

ಸಾಹೇಬರು ದಸರೆ ಆದ ಮೇಲೆ ಬಂದರು. ಬಾವಿಯ ನೀರು ಸೇದಿ ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದರು. ತಿಳಿಯಾಗಿತ್ತು, ತಳದಲ್ಲಿ ಒಂದಿಷ್ಟು ಕೆಂಪು ಬಿಟ್ಟರೆ. ನಮಗೆ ಉಸಿರು ಬಂತು. ಹೋಗುವಾಗ ಅವರ ಕಣ್ಣು ಹೊಲಕ್ಕೆ ಬಿತ್ತು. ಸತ್ತ ತೊಗರಿ, ಕೆಂಪುಗಟ್ಟಿದ ನೆಲ.

"ಇದೇನಿದು?"

"ನನ್ನ ಹೊಲ್ರಿ ಸಾಹೇಬ್ರ. ನನಗ ಬೇಕಾದ ಬಣ್ಣ ಬಡದೇನಿ" ಎಂದ ಬಕ್ಕಪ್ಪ.

ಎಲ್ಲರೂ ಹಲ್ಲು ಕಚ್ಚಿ ನಿಂತೆವು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅನುರಾಧಾ ಬಿಡಲಿಲ್ಲ.

"ಸರ್, ಕೊಳ ತುಂಬಿ ಹರಿದವು. ಇವರು ಹೊಲಕ್ಕೆ ಬಿಟ್ಟುಕೊಂಡಿದ್ದಕ್ಕೆ ಬಾವಿ ಉಳೀತು. ಮೂರು ಕೊಳ ಸಾಲೋದಿಲ್ಲ. ನಾಲ್ಕನೇದು ಬೇಕು. ನನ್ನ ಅಳತೆ ತಪ್ಪಾಗಿತ್ತು."

ಆಗ ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹೇಬರು ಹೋದ ಮೇಲೆ ದೇವಿದಾಸ ಕೇಳಿಯೇ ಬಿಟ್ಟ: "ಬಾಯಿ ಮುಚ್ಚಿದ್ರ ಏನಾಗತಿತ್ರಿ?"

"ಮುಂದಿನ ಉತ್ತರಿ ಮಳಿ ಬರೂದು ನಿಲ್ಲತಿತ್ತೇನು ಕಾಕಾ?" ಎಂದಳು. "ಗುಂಡಿ ನಡೀತಾವ ಅಂತ ನೀವು ನಿಶ್ಚಿಂತಿ ಇರ್ತಿದ್ರಿ. ಬಾವಿ ಮತ್ತ ಕೆಂಪಾಗತಿತ್ತು. ಅವಾಗ ಕುಡಿಯವ್ರು ಯಾರು, ಸಾಹೇಬ್ರೇನು?"

ಮಾತು ಖರೆ ಎಂದು ತಿಳಿದರೂ ಆವತ್ತು ಅವಳಿಗೆ ಚಹಾ ಕೊಡದೆ ಕಳಿಸಿದೆವು.

ಮೇಲಿನಿಂದ ಬಂದ ಅಪ್ಪಣೆ ಹೀಗಿತ್ತು: ಇನ್ನೊಂದು ಮಳೆಗಾಲ ನೋಡುವುದು, ಆಮೇಲೆ ಕೊನೆಯ ಮಾತು. ವರದಿ ತಡ ಮಾಡಿದ್ದಕ್ಕೆಂದು ಅವಳನ್ನು ರಾಯಚೂರಿನ ಕಡೆ ಹಾಕಿದರು. ಹೋಗುವ ಮುನ್ನ ಬಕ್ಕಪ್ಪನ ಹಾಳಾದ ಹೊಲದಲ್ಲಿ ಗೂಟ ಬಡಿದು ನಾಲ್ಕನೆಯ ಕೊಳದ ಗುರುತು ಹಾಕಿದಳು. ಅವನು ಬೇಡವೆನ್ನಲಿಲ್ಲ. "ಕೆಟ್ಟದ್ದು ಹೆಂಗೂ ಕೆಟ್ಟದ" ಎಂದ. ನಾನು ಬಸ್ಸಿನ ತನಕ ಅವಳ ಚೀಲ ಹೊತ್ತುಕೊಂಡು ಹೋದೆ. ಬಸ್ಸು ಹತ್ತಿ ಕಿಟಕಿಯಿಂದ ಹೇಳಿದಳು: "ದ್ರೌಪತಕ್ಕ, ದೊಡ್ಡ ಮಳಿ ಬಿದ್ದ ಮರುದಿನದ ನೀರು ನನಗ ಬೇಕು. ತಿಳಿ ನೀರು ತಂದು ಖುಷಿ ಪಡಿಸಬ್ಯಾಡ್ರಿ."

ನಾಲ್ಕನೆಯ ಕೊಳವನ್ನು ಅವಳಿಲ್ಲದೆ ತುಳಿದೆವು.

ಮರುವರ್ಷವೂ ಮಳೆ ಜೋರಾಯಿತು. ನಾಲ್ಕೂ ಕೊಳ ತುಂಬಿ ನಿಂತವು, ಒಡ್ಡು ಜಿನುಗಲಿಲ್ಲ. ಮರುದಿನ ದೇವಿದಾಸ ಬಾವಿಯ ನೀರು ಬಾಟಲಿಗೆ ತುಂಬಿ ಹುಮನಾಬಾದಿಗೆ ಹೊರಟ. ನಾನೂ ಹೋದೆ. ಅನುರಾಧಾ ಅಪ್ಪನ ಮನೆಗೆ ಮತ್ತೆ ಬಂದುಹೋಗಲು ಸುರು ಮಾಡಿದ್ದಳು, ಆ ರವಿವಾರ ಬರುವವಳಿದ್ದಳು. ಬಾಟಲಿಯನ್ನು ಅಂಗಡಿಯಲ್ಲಿ ಇಟ್ಟು ಹೋಗಿ ಎಂದು ಹೇಳಿ ಕಳಿಸಿದ್ದಳು.

ಅಡತಿ ಅಂಗಡಿಯಲ್ಲಿ ಉದ್ದಿನ ಚೀಲ ಇಳಿಯುತ್ತಿದ್ದವು, ಧೂಳು ಮುಗಿಲಿಗೆ ಹತ್ತಿತ್ತು. ಮಾಣಿಕಪ್ಪ ಸಾವ್ಕಾರರು ಹಮಾಲರ ಮೇಲೆ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದರು. ದೇವಿದಾಸ ಬಾಟಲಿ ಗಾದಿಯ ಮೇಲಿಟ್ಟ, ನಾವು ಬಂದ ಕಾರಣ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಬಾಟಲಿ ಎತ್ತಿ, ಬೆಳಕಿಗೆ ಒಮ್ಮೆ ಹಿಡಿದು, ಅರ್ಧಕ್ಕಿಂತ ಹೆಚ್ಚು ಕುಡಿದುಬಿಟ್ಟರು.

ದೇವಿದಾಸನ ಮುಖ ಬಿಳಚಿಕೊಂಡಿತು. "ಸಾವ್ಕಾರ್ರ, ಅದು ನಮ್ಮ ಕೇರಿ ಬಾವಿ ನೀರ್ರಿ. ಬಾಯಾರು ಪರೀಕ್ಷಾ ಮಾಡಾಕ ತಗೊಂಡು ಬಾ ಅಂದಿದ್ರು."

ಹಮಾಲರು ಚೀಲ ಹೊತ್ತುಕೊಂಡೇ ನಿಂತರು. ಸಾವ್ಕಾರರು ನಮ್ಮಿಬ್ಬರನ್ನೂ ನೋಡಿದರು. ಗುರುತು ಹಿಡಿದರು ಎಂದು ನನಗನಿಸಿತು. ಬಾಟಲಿಯಲ್ಲಿ ಉಳಿದದ್ದನ್ನು ನೋಡಿದರು. ಉಗುಳುತ್ತಾರೆ ಎಂದುಕೊಂಡೆ. ಅವರು ಮೀಸೆ ಒರೆಸಿಕೊಂಡು, ಉಳಿದದ್ದನ್ನೂ ಕುಡಿದು, ಖಾಲಿ ಬಾಟಲಿಯನ್ನು ದೇವಿದಾಸನ ಕೈಗೆ ಕೊಟ್ಟರು.

"ಇದರಾಗ ಏನೂ ಇಲ್ಲ ಅಂತ ಆಕಿಗಿ ನಾ ಹೇಳ್ತೇನಿ. ಆದ್ರೂ ಕೇಳಾಂಗಿಲ್ಲ ಅಕಿ, ನನಗ ಗೊತ್ತದ. ಹೋಗಿ ಇನ್ನೊಂದು ತುಂಬಿಕೊಂಡು ಬರ್ರಿ. ಬಸ್ ಈಗ ಅದ."

ನಾವು ಅದೇ ಬಸ್ಸಿಗೆ ಹಿಂದಿರುಗಿ, ಮತ್ತೆ ಬಾವಿಯ ನೀರು ಸೇದಿ ಬಾಟಲಿ ತುಂಬಿದೆವು.